ಮರಳೊಳಗಿನ ಒಡ್ಡು

ಜೈಸಲ್ಮೇರಿಗೆ ಹೋಗಿಬಂದೆ ಅಂದಾಗ ಪುಣೆಯ ನಮ್ಮ ಕನ್ನಡದ ಗೆಳೆಯರು ಕೇಳಿದ್ದು ಎರಡೇ ಪ್ರಶ್ನೆ. ಒಂಟೆ ಹತ್ತಿದೆಯಾ? ಟೆಂಟಿನಲ್ಲಿ ಉಳಿದಿದ್ದೆಯಾ? ಎರಡೂ ಇಲ್ಲ ಅಂದೆ. ‘ಹಂಗಾದ್ರೆ ಏಳು ದಿನ ಏನು ಮಾಡಿದಿ ಮಾರಾಯಾ’ ಎಂಬ ಮೂರನೆಯ ಪ್ರಶ್ನೆ ಬಂತು. ಅದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ, ಹಾಗಾಗಿ ಬರೆಯಲು ಕೂತಿದ್ದೇನೆ.

ನಾನು ಇತಿಹಾಸವನ್ನು ಕ್ರಮವಾಗಿ ಓದಿದವನಲ್ಲ. ಓದಿದ್ದು ಎಂ.ಟೆಕ್., ಹೊಟ್ಟೆಪಾಡು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಉಸ್ತುವಾರಿ. ಆದರೆ ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇತಿಹಾಸದ ಹುಚ್ಚು ಹತ್ತದೇ ಇರುವುದು ಕಷ್ಟ. ಶಾಲೆಯ ಪ್ರವಾಸ ಎಂದರೆ ಗೋಳಗುಮ್ಮಟ, ಇಬ್ರಾಹಿಂ ರೋಜಾ. ಅವುಗಳ ನಡುವೆ ತಾಜ್ ಬಾವಡಿಯ ಪಕ್ಕದಲ್ಲೇ ಬಸ್ಸು ಹಾದುಹೋಗುತ್ತಿತ್ತು. 1620ರ ಸುಮಾರಿಗೆ ಕಟ್ಟಿದ ಆ ದೊಡ್ಡ ಬಾವಿಯನ್ನು ಮೇಷ್ಟ್ರು ಇಳಿಸಿ ತೋರಿಸಿದ್ದು ನನಗೆ ನೆನಪಿಲ್ಲ. ಗುಮ್ಮಟ ಇತಿಹಾಸ, ಬಾವಿ ಬರೀ ಬಾವಿ ಎಂಬ ತಿಳಿವಳಿಕೆ ನಮ್ಮದು. ಅದು ತಪ್ಪು ಎಂದು ತಿಳಿಯಲು ನಾನು ಥಾರ್ ಮರುಭೂಮಿಗೆ ಹೋಗಬೇಕಾಯಿತು.

ನನ್ನ ತಂಡದಲ್ಲಿ ಜೈಸಲ್ಮೇರ್ ಜಿಲ್ಲೆಯ ಹುಡುಗನೊಬ್ಬ ಇದ್ದಾನೆ. ಫೆಬ್ರುವರಿಯಲ್ಲಿ ಅವನ ಚಿಕ್ಕಪ್ಪನ ಮಗಳ ಮದುವೆ. ‘ಸರ್, ಸದಾ ಇತಿಹಾಸದ ಪುಸ್ತಕ ಓದ್ತಿರ್ತೀರಿ, ಈ ಸಲ ನಮ್ಮೂರಿಗೆ ಬನ್ನಿ’ ಅಂದ. ದೊಡ್ಡದೊಂದು ಕೆಲಸ ಮುಗಿದಿತ್ತು, ರಜೆ ಬಾಕಿ ಇತ್ತು, ಹೊರಟೆ. ಊರು ಜೈಸಲ್ಮೇರಿನಿಂದ ರಾಮಗಢದ ದಿಕ್ಕಿಗೆ, ಡಾಂಬರು ರಸ್ತೆ ಬಿಟ್ಟು ಒಳಗೆ. ಎಂಬತ್ತು ಮನೆ ಇದ್ದಾವು.

ಮೊದಲ ಸಂಜೆ ಕಂಡದ್ದು ತಾಟು ತೊಳೆಯುವ ರೀತಿ. ಅವನ ತಾಯಿ, ನಾನು ಕಾಕೀಸಾ ಎಂದು ಕರೆಯತೊಡಗಿದವರು, ಊಟದ ತಾಟುಗಳನ್ನು ಅಂಗಳಕ್ಕೆ ಒಯ್ದು ಒಣ ಮರಳಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು. ಒಂದು ಹನಿ ನೀರಿಲ್ಲ. ಹಿತ್ತಾಳೆಯ ತಾಟು ಬೆಳದಿಂಗಳಲ್ಲಿ ಹೊಳೆಯುತ್ತಿತ್ತು. ಮರುದಿನ ಸ್ನಾನಕ್ಕೆ ಒಂದು ಸಣ್ಣ ಬಕೆಟ್ಟು ಬಿಸಿನೀರು ಕೊಟ್ಟು, ಬಂಡೆಯ ಮೇಲೆ ಕೂತು ಮಾಡಿ, ಸಾಬೂನು ಕಡಿಮೆ ಹಚ್ಚಿ ಎಂದರು. ಬಂಡೆಯ ಕೆಳಗಿನ ತೊಟ್ಟಿಗೆ ಇಳಿದ ನೀರನ್ನು ಕತ್ತೆ ಕುಡಿಯಿತು. ಹಿಂದಿನ ಕಾಲದಲ್ಲಿ ಮಂಚದ ಮೇಲೆ ಕೂತು ಸ್ನಾನ ಮಾಡಿ, ಕೆಳಗಿಟ್ಟ ಪರಾತದಲ್ಲಿ ನೀರು ಹಿಡಿದು ದನಕ್ಕೆ ಕುಡಿಸುತ್ತಿದ್ದರಂತೆ. ಮನೆಯೊಳಗೆ ನೀರಿನ ಕೊಡಗಳಿಗೆ ಪರೀಂಡಾ ಎಂಬ ಪ್ರತ್ಯೇಕ ಕಟ್ಟೆ ಇದೆ. ದೇವರ ಗೂಡಿನಷ್ಟೇ ಶುದ್ಧ, ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗುವಂತಿಲ್ಲ. ನಮ್ಮಜ್ಜಿ ನೀರಿನ ಹರವಿ ಮುಟ್ಟುವ ಮುಂಚೆ ಕಾಲು ತೊಳೆದು ಬಾ ಎಂದು ಬೈಯುತ್ತಿದ್ದುದು ನೆನಪಾಯಿತು.

ಊಟಕ್ಕೆ ಸೋಗರಾ, ಅಂದರೆ ದಪ್ಪನೆಯ ಸಜ್ಜೆ ರೊಟ್ಟಿ. ಜೊತೆಗೆ ಬೆಲ್ಲ, ತುಪ್ಪ, ಮಜ್ಜಿಗೆ. ಬೆಳಿಗ್ಗೆ ರಾಬ್, ಮಜ್ಜಿಗೆಯಲ್ಲಿ ಕುದಿಸಿದ ಸಜ್ಜೆ ಹಿಟ್ಟಿನ ಅಂಬಲಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ಬೆಳೆದ ನನಗೆ ಸಾವಿರ ಕಿಲೋಮೀಟರ್ ಆಚೆ ಬಂದ ಅನ್ನಿಸಲೇ ಇಲ್ಲ. ನಾನು ಎರಡೂ ಕೈಯಲ್ಲಿ ರೊಟ್ಟಿ ಮುರಿದ ರೀತಿ ನೋಡಿ ಕಾಕೀಸಾ ಮಗನಿಗೆ ಏನೋ ಹೇಳಿ ನಕ್ಕರು. ‘ಇವರು ಶಹರದವರಲ್ಲ ಅಂತಿದ್ದಾರೆ ಸರ್’ ಎಂದ ಅವನು.

ಎರಡನೆಯ ದಿನದ ಪಲ್ಯ ಕೇರ್-ಸಾಂಗ್ರಿ. ಸಾಂಗ್ರಿ ಎಂದರೆ ಖೇಜ್ಡಿ ಮರದ ಎಳೆಯ ಕಾಯಿ, ಬೇಸಿಗೆಯಲ್ಲಿ ಕಿತ್ತು ಕುದಿಸಿ ಒಣಗಿಸಿಟ್ಟರೆ ವರ್ಷವಿಡೀ ಪಲ್ಯಕ್ಕೆ ಬರುತ್ತದೆ. ಯಾವ ಮರ ಎಂದು ಕೇಳಿದ್ದಕ್ಕೆ ಅವನ ತಂದೆ, ಕಾಕಾಸಾ, ಹೊಲದ ನಡುವೆ ನಿಂತ ಮರವೊಂದನ್ನು ತೋರಿಸಿದರು. ಹತ್ತಿರ ಹೋಗಿ ಟೊಂಗೆ ಹಿಡಿದು ನೋಡಿದೆ. ಸಣ್ಣ ಎಲೆ, ಸಣ್ಣ ಮುಳ್ಳು. ಬನ್ನಿ! ವಿಜಯದಶಮಿಯ ದಿನ ಎಲೆ ಹಂಚಿ, ಬಂಗಾರದಂಗ ಇರೋಣ ಎಂದು ಹಿರಿಯರ ಕಾಲು ಮುಟ್ಟುತ್ತೇವಲ್ಲ, ಅದೇ ನಮ್ಮ ಬನ್ನಿ, ಶಮೀ ವೃಕ್ಷ. ನಾವು ವರ್ಷಕ್ಕೊಮ್ಮೆ ಅದರ ಎಲೆಯನ್ನು ಬಂಗಾರ ಎನ್ನುತ್ತೇವೆ. ಇಲ್ಲಿ ಅದು ದಿನದಿನದ ಬಂಗಾರ. ಎಲೆ ಆಡಿಗೆ ಮೇವು, ಕಾಯಿ ಮನುಷ್ಯರಿಗೆ ಪಲ್ಯ, ಟೊಂಗೆ ಬೇಲಿಗೆ, ನೆರಳಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ. ಬರಗಾಲಗಳಲ್ಲಿ ಇದರ ತೊಗಟೆಯನ್ನೇ ಕುಟ್ಟಿ ಹಿಟ್ಟಿಗೆ ಬೆರೆಸಿ ತಿಂದಿದ್ದಾರೆ. 1730ರಲ್ಲಿ ಜೋಧಪುರದ ಅರಮನೆಗೆ ಸುಣ್ಣ ಸುಡಲು ಈ ಮರ ಕಡಿಯಲು ಬಂದಾಗ ಖೇಜಡ್ಲಿ ಊರಿನಲ್ಲಿ ಅಮೃತಾ ದೇವಿ ಮೊದಲಾಗಿ 363 ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಕೊಟ್ಟ ಕತೆಯನ್ನು ಓದಿದ್ದೆ. ಒಂದು ಮರಕ್ಕಾಗಿ ಇಷ್ಟು ಜನ ಏಕೆ ಸತ್ತರು ಎಂದು ಓದುವಾಗ ಹೊಳೆದಿರಲಿಲ್ಲ. ಆ ಪಲ್ಯ ತಿಂದಮೇಲೆ ಸ್ವಲ್ಪ ಹೊಳೆಯಿತು.

ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಒಂದೇ, ಊರ ಪಡುವಲಿನ ಮಣ್ಣಿನ ದಿಣ್ಣೆ. ಸಂಜೆ ಅಲ್ಲಿ ಹತ್ತಿ ನಿಂತಾಗ ಊರಿನಿಂದ ತಮ್ಮನ ಕರೆ ಬಂತು.

‘ಅಣ್ಣಾ, ಹಿತ್ತಲ ಬಾವಿ ಮುಚ್ಚಸೋಣಂತ. ಮನಿಗೆ ನಳ ಬಂದೈತಿ, ಬಾವ್ಯಾಗ ಬರೇ ಹೂಳು. ಹುಡುಗ್ರು ಆಡ್ತಾವು, ಅಂಜಿಕಿ ಬರ್ತೈತಿ. ಪಕ್ಕದ ಹೊಲಕ್ಕ ಜೆಸಿಬಿ ಬರೂದೈತಿ, ಅದ್ರಾಗ ಕೆಲಸ ಮುಗೀತದ. ನಿನ್ನ ಒಂದು ಮಾತು ಕೇಳೋಣಂತ ಹಚ್ಚಿದೆ.’

ನಾನು ಹೂಂ ಎನ್ನುವವನೇ ಇದ್ದೆ. ವರ್ಷಕ್ಕೆರಡು ಸಲ ಊರಿಗೆ ಹೋಗುವವನಿಗೆ ಹಿತ್ತಲ ಬಾವಿ ಎಷ್ಟರ ಮಾತು? ಆದರೂ ಏಕೋ ‘ಒಂದ್ ವಾರ ತಡಿ’ ಅಂದೆ.

ಮರುದಿನ ಬೆಳಿಗ್ಗೆ ಗೊತ್ತಾಯಿತು, ನಾನು ನಿಂತು ಮಾತಾಡಿದ್ದು ದಿಣ್ಣೆಯಲ್ಲ, ಖಡೀನಿನ ಒಡ್ಡು.

ಖಡೀನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 20 ಸೆಂಟಿಮೀಟರಿಗಿಂತ ಕಡಿಮೆ. ನಮ್ಮ ವಿಜಯಪುರ ಬರದ ನಾಡು ಎಂದು ಹೆಸರಾಗಿದೆ, ಅಲ್ಲಿ ಇದರ ಮೂರು ಪಟ್ಟು ಬೀಳುತ್ತದೆ. ಇಷ್ಟು ಕಡಿಮೆ ಮಳೆಯಲ್ಲಿ ಗೋಧಿ ಬೆಳೆಯಲು ಸಾಧ್ಯವೇ ಇಲ್ಲ ಎಂದು ಯಾವ ಕೃಷಿ ಪುಸ್ತಕವಾದರೂ ಹೇಳೀತು. ನನ್ನ ಕಣ್ಣೆದುರು ಮೊಣಕಾಲೆತ್ತರದ ಗೋಧಿ, ಅದರಾಚೆ ಕಡಲೆ ನಿಂತಿತ್ತು. ಬೋರ್‌ವೆಲ್ ಇಲ್ಲ, ಕಾಲುವೆ ಇಲ್ಲ, ಬಿತ್ತಿದ ಮೇಲೆ ಒಂದು ಹನಿ ನೀರು ಹಾಯಿಸಿಲ್ಲ.

ಉಪಾಯ ಇಷ್ಟೇ. ಇಲ್ಲಿ ಮರಳಿನ ನಡುನಡುವೆ ಗಟ್ಟಿ ಕಲ್ಲುನೆಲದ ಇಳಿಜಾರುಗಳಿವೆ. ಅವುಗಳ ಮೇಲೆ ಬಿದ್ದ ಮಳೆ ಇಂಗದೆ ಕೆಳಗೆ ಹರಿಯುತ್ತದೆ. ಇಳಿಜಾರು ಮುಗಿಯುವಲ್ಲಿ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುತ್ತಾರೆ. ಒಂದು ಎಕರೆ ಬಿತ್ತುವ ನೆಲಕ್ಕೆ ಹತ್ತು ಹದಿನೈದು ಎಕರೆ ಕಲ್ಲುನೆಲದ ನೀರು ಬಂದು ಸೇರಬೇಕು, ಅಷ್ಟು ಲೆಕ್ಕ. ಮಳೆಗಾಲದಲ್ಲಿ ಹೊಲವೇ ಕೆರೆಯಾಗುತ್ತದೆ. ನೀರಿನ ಜೊತೆ ಬಂದ ಗೋಡು ತಳದಲ್ಲಿ ಕೂರುತ್ತದೆ, ಅದೇ ಗೊಬ್ಬರ. ಚಳಿಗಾಲಕ್ಕೆ ಮುಂಚೆ ನೀರೆಲ್ಲ ಇಂಗುತ್ತದೆ, ಉಳಿದದ್ದನ್ನು ಮೋರಿಯಿಂದ ಹೊರಗೆ ಬಿಡುತ್ತಾರೆ. ಅವರೂ ಅದನ್ನು ಮೋರಿ ಎಂದೇ ಕರೆಯುತ್ತಾರೆ! ಹೆಚ್ಚಾದ ನೀರು ತಾನಾಗಿ ಹೊರಹೋಗಲು ನೇಷ್ಟಾ ಇರುತ್ತದೆ, ನಮ್ಮ ಕೆರೆಯ ಕೋಡಿ. ಆಮೇಲೆ ಹಸಿ ನೆಲದಲ್ಲಿ ಗೋಧಿ, ಕಡಲೆ ಬಿತ್ತನೆ. ನೆಲದೊಳಗಿನ ತೇವದಲ್ಲೇ ಬೆಳೆ ಕೊಯ್ಲಿಗೆ ಬರುತ್ತದೆ.

ಈ ವ್ಯವಸ್ಥೆಯನ್ನು ಹದಿನೈದನೆಯ ಶತಮಾನದ ಹೊತ್ತಿಗೆ ಜೈಸಲ್ಮೇರ್ ಸೀಮೆಯಲ್ಲಿ ಪಳಗಿಸಿದವರು ಪಾಲೀವಾಲ ಬ್ರಾಹ್ಮಣರು. ಮಾರವಾಡದ ಪಾಲಿ ಊರಿನಿಂದ ಬಂದವರಾದ್ದರಿಂದ ಆ ಹೆಸರು. ವ್ಯಾಪಾರ, ಲೇವಾದೇವಿ, ಬೇಸಾಯ ಮೂರರಲ್ಲೂ ಗಟ್ಟಿಗರು. ನೆಲ ರಾಜನದು, ಒಡ್ಡು ಇವರದು, ಬೆಳೆಯಲ್ಲಿ ಒಂದು ಪಾಲು ಅರಮನೆಗೆ. ಚಿನ್ನದ ಬಣ್ಣದ ಕಲ್ಲಿನ ಆ ಕೋಟೆಯೊಳಗಿನವರು ತಿಂದ ರೊಟ್ಟಿಯಲ್ಲಿ ಇಂಥ ಒಡ್ಡುಗಳ ಪಾಲು ದೊಡ್ಡದು. 1156ರಲ್ಲಿ ರಾವಲ್ ಜೈಸಲ್ ಕೋಟೆಗೆ ಅಡಿಪಾಯ ಹಾಕಿದ ಎಂದು ಎಲ್ಲರೂ ಓದುತ್ತಾರೆ. ಒಡ್ಡು ಹಾಕಿದವರ ಹೆಸರು ಯಾವ ಪಠ್ಯದಲ್ಲೂ ನಾನು ಓದಿಲ್ಲ.

ಒಡ್ಡಿನ ಮೇಲೆ ನಡೆಯುತ್ತ ಒಂದು ಕಡೆ ಮಣ್ಣಿನ ಬಣ್ಣ ಬೇರೆ ಕಂಡಿತು. ಇದೇನು ಎಂದು ಕೇಳಿದೆ. ಕಾಕಾಸಾ ಹಿಂದಿಯಲ್ಲಿ ಹೇಳಿದರು: ‘ಎರಡು ವರ್ಷದ ಹಿಂದೆ ಇಲ್ಲಿ ಒಡೆದಿತ್ತು. ಮೊದಲ ಮಳೆಗೇ ಇಲಿಬಿಲದಿಂದ ನೀರು ನುಗ್ಗಿತು. ಎರಡನೇ ಮಳೆ ಬರುವ ಮೊದಲು ಮುಚ್ಚಿದ್ದರೆ ಆಗುತ್ತಿತ್ತು. ನಾವು ಮುದುಕರು ನಾಲ್ಕು ಜನ, ಎಷ್ಟು ಮಣ್ಣು ಹೊರಲು ಆದೀತು? ಮಗನಿಗೆ ಫೋನ್ ಮಾಡಿದೆವು. ಪಾಪ, ಇವನಿಗೆ ರಜೆ ಸಿಗಲಿಲ್ಲ. ಇವನ ಮೇಲೆ ಯಾರೋ ದೊಡ್ಡ ಆಫೀಸರ್ ಇದ್ದಾರಂತೆ, ಕೊಡಲಿಲ್ಲ. ಆ ವರ್ಷ ನೀರೆಲ್ಲ ಹೋಯಿತು, ಗೋಧಿ ಇಲ್ಲ.’

ನನ್ನ ಸಹೋದ್ಯೋಗಿ ನೆಲ ನೋಡುತ್ತಿದ್ದ.

ನನಗೆ ನೆನಪಾಯಿತು. ಜುಲೈ ತಿಂಗಳು. ಮನೆಯಲ್ಲಿ ತುರ್ತು, ನಾಲ್ಕು ದಿನ ರಜೆ ಬೇಕು ಎಂದು ಅವನು ಬರೆದಿದ್ದ. ಏನು ತುರ್ತು ಎಂದು ಕೇಳಿದ್ದೆ. ‘ಹೊಲದ ಒಡ್ಡು ಒಡೆದಿದೆ ಸರ್’ ಅಂದಿದ್ದ. ಅದು ರಿಲೀಸಿನ ವಾರ. ಒಡ್ಡು ತಾನೇ, ಕೂಲಿಯವರಿಂದ ಹಾಕಿಸು, ಮುಂದಿನ ತಿಂಗಳು ಹೋಗು ಅಂದಿದ್ದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು, ಒಡ್ಡು ಎಂದರೆ ಏನೆಂದು ಗೊತ್ತಿದ್ದವನು. ಆ ರಿಲೀಸು ಕಡೆಗೆ ಬೇರೆ ಕಾರಣಕ್ಕೆ ಎರಡು ವಾರ ಮುಂದೆ ಹೋಯಿತು. ನೀರು ಮಾತ್ರ ಕಾಯಲಿಲ್ಲ.

‘ಆ ಆಫೀಸರ್ ನಾನೇ, ಕಾಕಾಸಾ’ ಅಂದೆ.

ಅವರು ಕ್ಷಣಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ‘ಹಾಗಾದರೆ ದಂಡ ಕಟ್ಟಬೇಕು. ನಾಳೆ ಬೆಳಿಗ್ಗೆ ಲ್ಹಾಸ್ ಇದೆ, ಬನ್ನಿ.’

ಲ್ಹಾಸ್ ಎಂದರೆ ನಮ್ಮ ಮುಯ್ಯಾಳು ಇದ್ದಹಾಗೆ. ಒಬ್ಬರ ಕೆಲಸಕ್ಕೆ ಊರವರು ಕೂಲಿಯಿಲ್ಲದೆ ಸೇರುವುದು, ಕೆಲಸದ ನಂತರ ಮನೆಯವರು ಊಟ ಹಾಕುವುದು. ಮದುವೆಗೆಂದು ಬಂದಿದ್ದ ನೆಂಟರನ್ನೂ ಸೇರಿಸಿ ಹನ್ನೆರಡು ಜನ ಒಡ್ಡಿನ ಹೊರಮೈಗೆ ಮಣ್ಣು ಕೊಟ್ಟೆವು. ನಾನು ಎರಡು ತಾಸಿಗೆ ಸುಸ್ತಾದೆ, ಅಂಗೈಯಲ್ಲಿ ಗುಳ್ಳೆ ಎದ್ದವು. ಕಾಕೀಸಾ ತುಪ್ಪ ಹಚ್ಚಿ, ನಾಲ್ಕು ರೊಟ್ಟಿ ಹೆಚ್ಚಾಗಿಯೇ ತಿನ್ನಿಸಿದರು. ದಂಡ ಪೂರ್ತಿ ಸಂದಿತೆಂದು ನಾನು ಭಾವಿಸಿಲ್ಲ.

ಅದೇ ದಿನ ಮಧ್ಯಾಹ್ನ ಬೇರಿ ನೋಡಿದೆ. ಹಿಂದಿಯ ಬರಹಗಾರ, ಗಾಂಧಿವಾದಿ ಅನುಪಮ್ ಮಿಶ್ರ ಅವರು 1995ರಲ್ಲಿ ‘ರಾಜಸ್ಥಾನ್ ಕೀ ರಜತ್ ಬೂಂದೇ’ ಎಂಬ ಪುಸ್ತಕದಲ್ಲಿ ಇದನ್ನು ಕೂಲಂಕಷವಾಗಿ ವಿವರಿಸಿದ್ದಾರೆ. ತಮ್ಮ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು ಎಂದು ಹಕ್ಕನ್ನೇ ಇಟ್ಟುಕೊಳ್ಳದ ಮನುಷ್ಯ ಅವರು. ಓದಿದ್ದರಿಂದ ನೋಡುವುದು ಸುಲಭವಾಯಿತು.

ಮರುಭೂಮಿಯವರು ನೀರನ್ನು ಮೂರು ಜಾತಿ ಮಾಡುತ್ತಾರೆ. ಮಳೆಯಿಂದ ನೇರ ಸಿಗುವುದು ಪಾಲರ್ ಪಾನಿ. ಆಳದ ಬಾವಿಯದು ಪಾತಾಳ ಪಾನಿ, ಅದು ಇಲ್ಲಿ ಬಹಳ ಕಡೆ ಉಪ್ಪು. ಇವೆರಡರ ನಡುವೆ ರೇಜಾನಿ ಪಾನಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಮ್ ಅಥವಾ ಸುಣ್ಣದಂಥ ಕಲ್ಲಿನ ಗಟ್ಟಿ ಪದರ ಇರುತ್ತದೆ. ಇಂಗಿದ ಮಳೆನೀರನ್ನು ಅದು ಕೆಳಗಿನ ಉಪ್ಪುನೀರಿಗೆ ಸೇರಗೊಡದೆ ತಡೆಯುತ್ತದೆ. ಆ ನೀರು ಕಣ್ಣಿಗೆ ಕಾಣುವಂತೆ ನಿಂತಿರುವುದಿಲ್ಲ, ಮರಳಿನಲ್ಲಿ ತೇವವಾಗಿ ಹರಡಿರುತ್ತದೆ. ಪದರದವರೆಗೆ ಕಿರಿದಾದ ಬಾವಿ ತೋಡಿದರೆ ಸುತ್ತಲ ತೇವ ಹನಿಹನಿಯಾಗಿ ಅದರೊಳಗೆ ಜಿನುಗುತ್ತದೆ. ಇದೇ ಬೇರಿ, ಕೆಲವೆಡೆ ಕೂಈ ಎನ್ನುತ್ತಾರೆ. ಬಾಯಿ ಅಗಲ ಮಾಡುವಂತಿಲ್ಲ. ಮಾಡಿದರೆ ಜಿನುಗಿದ ನೀರು ತಳದಲ್ಲಿ ತೆಳ್ಳಗೆ ಹರಡಿ ಕೊಡಕ್ಕೆ ಸಿಗುವುದಿಲ್ಲ, ಬಿಸಿಲಿಗೂ ಆರುತ್ತದೆ. ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು, ಗಿಡ್ಡ ಹಿಡಿಯ ಹಾರೆಯಿಂದ ತೋಡುತ್ತ ಇಳಿಯುತ್ತಾನೆ. ಒಳಗೆ ಸೆಕೆ ಹೆಚ್ಚಾದಾಗ ಮೇಲಿನವರು ಹಿಡಿ ಹಿಡಿ ಮರಳು ಎಸೆಯುತ್ತಾರೆ. ಅದು ಬೀಳುವಾಗ ಮೇಲಿನ ತಂಪು ಗಾಳಿಯನ್ನು ಕೆಳಗೆ ತಳ್ಳುತ್ತದೆ. ಮರಳು ಕುಸಿಯದ ಹಾಗೆ ಖೀಂಪ್ ಎಂಬ ಹುಲ್ಲಿನ ದಪ್ಪ ಹಗ್ಗವನ್ನು ಸುರುಳಿ ಸುರುಳಿಯಾಗಿ ಗೋಡೆಗೆ ಒತ್ತಿ ಕೂರಿಸುತ್ತಾರೆ.

ನನ್ನ ತಲೆಯಲ್ಲಿ ಒಂದು ಅನುಮಾನ ಇತ್ತು. ಇಷ್ಟು ಬಿಸಿಲಿನಲ್ಲಿ ಆ ತೇವ ಮೇಲಿನಿಂದ ಆರಿಹೋಗುವುದಿಲ್ಲವೇ? ಕಾಕಾಸಾ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಮರಳು ಒದ್ದೆಯಾದರೂ ಬಿಡಿಬಿಡಿ, ಒಣಗಿದರೂ ಬಿಡಿಬಿಡಿ. ಅದು ಬಿರಿಯುವುದಿಲ್ಲ, ಹಾಗಾಗಿ ಒಳಗಿನ ತೇವಕ್ಕೆ ಹೊರಗೆ ದಾರಿಯಿಲ್ಲ. ನಮ್ಮ ಕಡೆಯ ಎರೆ ಹೊಲ ಕಣ್ಮುಂದೆ ಬಂತು. ಮಳೆ ನಿಂತು ಬಿಸಿಲು ಬಿದ್ದರೆ ಕೈ ಹೋಗುವಷ್ಟು ಬಿರುಕು, ಒಳಗಿನ ಹಸಿಯೆಲ್ಲ ಆ ಬಾಯಿಗಳಿಂದ ಆವಿಯಾಗಿ ಹೋಗುತ್ತದೆ. ಆ ಕೊಚ್ಚೆಯಾಗುವ ಕಪ್ಪು ನೆಲ ಶ್ರೀಮಂತ, ಈ ಮರಳು ಬಡವ ಎಂದುಕೊಂಡಿದ್ದೆ. ನೀರು ಕಾಯುವ ಕೆಲಸದಲ್ಲಿ ಬಡವನೇ ಜಾಣ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಒಂದು ಬೇರಿ ದಿನಕ್ಕೆ ಎರಡು ಮೂರು ಕೊಡ ಸಿಹಿನೀರು ಕೊಡುತ್ತದೆ, ಅದು ತೋಡಿಸಿದ ಮನೆಯವರ ಸ್ವಂತದ್ದು. ಆದರೆ ಬೇರಿ ಇರುವ ಬಯಲು ಊರಿನದು. ಹೊಸದು ತೋಡಬೇಕೆಂದರೆ ಊರಿನ ಒಪ್ಪಿಗೆ ಬೇಕು. ಮಳೆಯಿಂದ ಇಂಗಿದ ತೇವ ಎಷ್ಟೋ ಅಷ್ಟೇ. ಹೊಸ ಬೇರಿ ಎಂದರೆ ಹೊಸ ನೀರಲ್ಲ, ಇದ್ದ ನೀರಿನಲ್ಲಿ ಇನ್ನೊಂದು ಪಾಲು. ನಮ್ಮ ಕಡೆ ಒಬ್ಬ 500 ಅಡಿ ಬೋರ್ ಹೊಡೆಸಿದರೆ ಪಕ್ಕದವನು 700 ಅಡಿ ಹೊಡೆಸುತ್ತಾನೆ. ನೀರು ಇಬ್ಬರದೂ ಒಂದೇ ಎಂಬ ಸರಳ ಲೆಕ್ಕ ಎಂ.ಟೆಕ್. ಮಾಡಿದ ನಮಗೆ ಹೊಳೆಯುವುದಿಲ್ಲ.

ಐದನೆಯ ರಾತ್ರಿ ಮದುವೆ ಮನೆಯಲ್ಲಿ ಮಾಂಗಣಿಯಾರರ ಹಾಡು. ಮಾಂಗಣಿಯಾರರು ಮುಸ್ಲಿಮರು, ಯಜಮಾನ ಮನೆತನಗಳಲ್ಲಿ ಹೆಚ್ಚಿನವು ಹಿಂದೂ. ಮಗು ಹುಟ್ಟಿದರೆ, ಮದುವೆಯಾದರೆ ಇವರು ಬಂದು ಹಾಡಬೇಕು, ಮನೆತನದ ತಲೆಮಾರುಗಳನ್ನು ಬಾಯಿಪಾಠ ಹೇಳಬೇಕು. ಇಂಥ ಕಲಾವಿದರ ಹಾಡು, ನೆನಪುಗಳನ್ನು ಜೀವಮಾನವಿಡೀ ಧ್ವನಿಮುದ್ರಿಸಿದ ಕೋಮಲ್ ಕೋಠಾರಿ ಅವರು ಗೆಳೆಯ ವಿಜಯದಾನ್ ದೇಥಾ ಜೊತೆ 1960ರಲ್ಲಿ ರೂಪಾಯನ್ ಸಂಸ್ಥೆ ಕಟ್ಟಿದರು. ಕಮಾಯಚಾದ ತಂತಿಯ ಗುಂಯ್ ಎನ್ನುವ ದನಿಯ ಮೇಲೆ ಮುದುಕನೊಬ್ಬ ಹೆಸರು ಹಿಂದೆ ಹೆಸರು ಹೇಳುತ್ತ ಹೋಗುವಾಗ, ನನಗೆ ನನ್ನ ಮುತ್ತಜ್ಜನ ತಂದೆಯ ಹೆಸರೇ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹಾಡು ಮುಗಿದ ಮೇಲೆ ಬೆಂಕಿಯ ಸುತ್ತ ಬರದ ಮಾತು ಬಂತು. ಬರಗಾಲಕ್ಕೂ ಇವರಲ್ಲಿ ಜಾತಿಗಳಿವೆ. ಕಾಳು ಇಲ್ಲದ್ದು ಅನ್ನಕಾಲ, ನೀರಿಲ್ಲದ್ದು ಜಲಕಾಲ, ಮೇವಿಲ್ಲದ್ದು ತೃಣಕಾಲ, ಮೂರೂ ಇಲ್ಲದ್ದು ತ್ರಿಕಾಲ. ತ್ರಿಕಾಲಗಳಲ್ಲಿ ದೊಡ್ಡದು ಛಪ್ಪನಿಯಾ, ವಿಕ್ರಮ ಸಂವತ್ 1956ರದ್ದು, ಅಂದರೆ 1899-1900. ಕನ್ನಡ ನಾಡಿನಲ್ಲಿ 1876-78ರ ಬರಕ್ಕೆ ಸಂವತ್ಸರದ ಹೆಸರಿಂದಲೇ ಧಾತು-ಈಶ್ವರ ಬರ ಎನ್ನುತ್ತೇವಲ್ಲ, ಹಾಗೆ. ಛಪ್ಪನಿಯಾವನ್ನು ಕಂಡವರು ಯಾರೂ ಈಗ ಇಲ್ಲ. ಆದರೂ ಆ ಶಬ್ದ ಬಂದಾಗ ಕಾಕೀಸಾ ಉರಿಯುವ ಬೆಂಕಿಗೆ ಕೈಮುಗಿದರು.

ಆರನೆಯ ದಿನ ಕುಲ್ಧರಾಕ್ಕೆ ಹೋದೆವು. ಜೈಸಲ್ಮೇರಿನ ಆಚೆ ಹದಿನೆಂಟು ಕಿಲೋಮೀಟರ್, ಒಣಗಿದ ಕಾಕ್ನಿ ನದಿಯ ದಂಡೆಯಲ್ಲಿರುವ ಪಾಲೀವಾಲರ ಹಾಳೂರು. ನೇರ ಬೀದಿಗಳು, ಅಚ್ಚುಕಟ್ಟಾದ ಮನೆಗಳ ಮೊಂಡುಗೋಡೆಗಳು. ಪ್ರವಾಸಿಗರಿಗೆ ಹೇಳುವ ಕತೆ ಎಲ್ಲರಿಗೂ ಗೊತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೈಸಲ್ಮೇರಿನ ದಿವಾನ ಸಾಲಿಮ್ ಸಿಂಗ್ ಊರಿನ ಹುಡುಗಿಯ ಮೇಲೆ ಕಣ್ಣು ಹಾಕಿದ, 84 ಹಳ್ಳಿಗಳ ಪಾಲೀವಾಲರು ಒಂದೇ ರಾತ್ರಿ ಶಾಪ ಹಾಕಿ ಊರು ಬಿಟ್ಟರು, ಅಂದಿನಿಂದ ಇಲ್ಲಿ ಯಾರೂ ಬಾಳಲಾರರು, ದೆವ್ವ ಇದೆ.

ದಾಖಲೆಗಳು ಹೇಳುವುದು ಇಷ್ಟು ರೋಚಕವಲ್ಲ. ಕರ್ನಲ್ ಟಾಡ್ 1832ರಲ್ಲಿ ಹೊರಬಂದ ತನ್ನ ರಾಜಸ್ಥಾನದ ಇತಿಹಾಸದ ಎರಡನೆಯ ಸಂಪುಟದಲ್ಲಿ ಸಾಲಿಮ್ ಸಿಂಗನ ಸುಲಿಗೆಯನ್ನೂ ಪಾಲೀವಾಲರು ನಾಡು ಬಿಡುತ್ತಿರುವುದನ್ನೂ ಬರೆದಿದ್ದಾನೆ. ಆದರೆ 1890ರಲ್ಲಿ ಕೂಡ ಕುಲ್ಧರಾದಲ್ಲಿ 37 ಜನ ಇದ್ದರೆಂದು ಲಕ್ಷ್ಮೀಚಂದ್ ಬರೆದ ‘ತವಾರೀಖ್-ಎ-ಜೈಸಲ್ಮೇರ್’ ಲೆಕ್ಕ ಕೊಡುತ್ತದೆ. ಒಂದೇ ರಾತ್ರಿಯಲ್ಲಿ ಖಾಲಿಯಾದ ಊರಿನಲ್ಲಿ ಅಷ್ಟು ವರ್ಷಗಳ ನಂತರ 37 ಜನ ಎಲ್ಲಿಂದ ಬಂದರು? ತೆರಿಗೆಯ ಹಿಂಸೆ, ಬತ್ತುತ್ತ ಹೋದ ನೀರು, ಮರಳುಗಾಡಿನ ವ್ಯಾಪಾರದ ದಾರಿಯನ್ನು ಮುಂಬಯಿಯಂಥ ಬಂದರುಗಳು ಕಸಿದುಕೊಂಡದ್ದು, ಇವೆಲ್ಲ ಕೂಡಿ ಜನ ಸ್ವಲ್ಪಸ್ವಲ್ಪವೇ ಖಾಲಿಯಾದರು ಎನ್ನುವುದು ಹೆಚ್ಚು ನಂಬುವಂತಿದೆ. ಭೂಕಂಪವೂ ಒಂದು ಕಾರಣವಿರಬಹುದೆಂದು ಭೂವಿಜ್ಞಾನಿಗಳು 2017ರಲ್ಲಿ ಬರೆದರು.

ಇಲ್ಲಿ ಸಿಕ್ಕಿರುವ ಸ್ಮಾರಕಗಳ ಶಾಸನಗಳಲ್ಲಿ ಎರಡು ಕ್ರಿ.ಶ. 1235 ಮತ್ತು 1238ರವು. ಕ್ರಿ.ಶ. 623ರಿಂದ ಎಣಿಸುವ, ಜೈಸಲ್ಮೇರಿನ ಭಾಟಿಗಳದೇ ಆದ ಭಟ್ಟಿಕ ಸಂವತ್ ಇವುಗಳಲ್ಲಿ ಬಳಕೆಯಾಗಿದೆ. ಅಂದರೆ ಮಳೆಯೇ ಇಲ್ಲದ ಈ ನೆಲದಲ್ಲಿ ಜನ ಸುಮಾರು 600 ವರ್ಷ ಸಂಸಾರ ಮಾಡಿದ್ದಾರೆ. ಗೈಡು ಆ ಒಂದು ರಾತ್ರಿಯ ಬಗ್ಗೆ ಅರ್ಧ ತಾಸು ಹೇಳಿದ, ಈ 600 ವರ್ಷದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಕಾಸಾ ಒಂದು ಮನೆಯ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿ ತಮ್ಮ ಅಭಿಪ್ರಾಯ ಹೇಳಿದರು: ‘ಮೊದಲು ಗಂಡಸರು ದುಡಿಯಲು ಹೋಗಿರ್ತಾರೆ. ಆಮೇಲೆ ಮಕ್ಕಳು. ಕೊನೆಗೆ ಒಡ್ಡಿಗೆ ಮಣ್ಣು ಕೊಡಲು ಯಾರೂ ಉಳಿದಿರೋದಿಲ್ಲ. ಇದಕ್ಕೆ ಶಾಪ ಬೇಕಾ?’

ನಾವಿಬ್ಬರು ಪುಣೆಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಾಲೀವಾಲರು ಹೋದರೂ ಅವರ ಖಡೀನುಗಳು ಹೋಗಲಿಲ್ಲ. ಬೇರೆ ಬೇರೆ ಜಾತಿಯ ಒಕ್ಕಲುಗಳು ಅವನ್ನು ಹಿಡಿದು ಇಂದಿಗೂ ಉಳುತ್ತಿದ್ದಾರೆ. ಅರಮನೆ ಈಗ ಮ್ಯೂಸಿಯಂ, ದಿವಾನನ ಹವೇಲಿಗೆ ಟಿಕೆಟ್ಟು. ಆ ಕಾಲದ್ದರಲ್ಲಿ ತಾನು ಮಾಡುತ್ತಿದ್ದ ಕೆಲಸವನ್ನೇ ಇವತ್ತೂ ಮಾಡುತ್ತಿರುವುದು ಮಣ್ಣಿನ ಒಡ್ಡು ಮಾತ್ರ.

ಕೊನೆಯ ದಿನ ಬೆಳಿಗ್ಗೆ ಕಾಕೀಸಾ ಅಂಗಳದ ನಲ್ಲಿ ತಿರುಗಿಸಿ ತೋರಿಸಿದರು. ಅವರ ಊರಿಗೂ ಪೈಪಿನ ನೀರು ಬಂದಿದೆ, ಇಂದಿರಾ ಗಾಂಧಿ ಕಾಲುವೆಯದು. ಎಂಜಿನಿಯರ್ ಕಂವರ್ ಸೈನ್ 1948ರಲ್ಲಿ ರೂಪಿಸಿದ ಯೋಜನೆ, 1958ರಲ್ಲಿ ಕೆಲಸ ಆರಂಭ. ಪಂಜಾಬಿನ ಹರಿಕೆಯಿಂದ ಜೈಸಲ್ಮೇರಿನ ಮೋಹನಗಢದವರೆಗೆ 649 ಕಿಲೋಮೀಟರ್ ದೂರ ಹಿಮಾಲಯದ ನೀರನ್ನು ಮರಳಿಗೆ ತಂದ ಈ ಕಾಲುವೆಯನ್ನು ಸಣ್ಣ ಮಾತಿನಲ್ಲಿ ತಳ್ಳಿಹಾಕುವವನು ನಾನಲ್ಲ. ಮೈಲುಗಟ್ಟಲೆ ನೀರು ಹೊತ್ತ ಹೆಂಗಸರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಕೆಲವೆಡೆ ನೀರು ನಿಂತು ಹೊಲ ಜೌಗಾಗಿ ಉಪ್ಪೇರಿದ್ದೂ ನಿಜ.

‘ಹಾಗಾದರೆ ಬೇರಿ ಏಕೆ ಇನ್ನೂ ಇಟ್ಟುಕೊಂಡಿದ್ದೀರಿ?’ ಎಂದು ಕೇಳಿದೆ.

‘ವರ್ಷಕ್ಕೊಮ್ಮೆ ದುರಸ್ತಿಗೆ ನಹರ್ ಬಂದಿ ಮಾಡ್ತಾರೆ, ಆಗ ನಲ್ಲಿ ಒಣಗತ್ತೆ’ ಎಂದರು ಕಾಕೀಸಾ. ‘ನಲ್ಲಿಯ ನೀರು ದೂರದ ನೆಂಟ. ಬಂದರೆ ಸಂತೋಷ. ಬೇರಿ ಮನೆಯ ಮಗಳು.’

ಹೊರಡುವ ಮುಂಚೆ ಒಡ್ಡಿನ ಮೇಲೆ ಹತ್ತಿ ತಮ್ಮನಿಗೆ ಫೋನ್ ಹಚ್ಚಿದೆ. ಬಾವಿ ಮುಚ್ಚಿಸಬೇಡ ಅಂದೆ. 1972ರ ಬರದಲ್ಲಿ ಇಡೀ ಓಣಿ ಅದೇ ಬಾವಿಯ ನೀರು ಕುಡಿಯಿತು ಎಂದು ಅಜ್ಜಿ ಹೇಳುತ್ತಿದ್ದುದನ್ನು ನೆನಪಿಸಿದೆ. ಮಕ್ಕಳ ಸಲುವಾಗಿ ಮೇಲೆ ಕಬ್ಬಿಣದ ಜಾಳಿಗೆ ಹಾಕಿಸು, ದುಡ್ಡು ಕಳಿಸುತ್ತೇನೆ ಅಂದೆ.

ಅವನು ಸುಮ್ಮನಿದ್ದ. ಆಮೇಲೆ ಹೇಳಿದ: ‘ಅಣ್ಣಾ, ರೊಕ್ಕದ ಮಾತಲ್ಲ. ನೀ ಪುಣೇದಾಗ ಕುಂತು ಬಾವಿ ಇರ್ಲಿ ಅಂತಿ. ವರ್ಷಾ ಹೂಳ ತಗ್ಯಾವ್ರು ಯಾರು? ಅಪ್ಪ ಇದ್ದಾಗ ಓಣ್ಯಾನ ಮಂದಿ ಬರ್ತಿದ್ರು. ಈಗ ಯಾರೂ ಬರೂದಿಲ್ಲ. ನಾ ಒಬ್ಬಾಂವ ಇಳೀಲೇನು?’

ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಏಳು ದಿನ ನಾನು ನೋಡಿದ್ದರಲ್ಲಿ ಯಾವುದೂ ಒಂದು ಸಲ ಕಟ್ಟಿ ಬಿಟ್ಟದ್ದಲ್ಲ. ಒಡ್ಡಿಗೆ ಪ್ರತಿ ವರ್ಷ ಮಣ್ಣು, ಬೇರಿಗೆ ಪ್ರತಿ ವರ್ಷ ಹಗ್ಗ, ಮರಕ್ಕೆ ಕಾವಲು, ತಲೆಮಾರುಗಳಿಗೆ ಹಾಡುವ ಬಾಯಿ. ಊರು ಬಿಟ್ಟು ಬಂದ ನಮ್ಮಂಥವರು ಅಭಿಮಾನದ ಮಾತು ಹೇಳುತ್ತೇವೆ, ಲೇಖನ ಬರೆಯುತ್ತೇವೆ, ಹೂಳು ಮಾತ್ರ ಊರಿನಲ್ಲಿ ಉಳಿದವನ ಪಾಲು.

‘ಯುಗಾದಿಗೆ ನಾಲ್ಕು ದಿನ ಮೊದಲೇ ಬರ್ತೀನಿ. ಇಬ್ಬರೂ ಇಳಿಯೋಣ’ ಅಂದೆ.

‘ನೋಡೋಣ ಬಾ. ಅಲ್ಲೀತನಕ ಜೆಸಿಬಿಯಾವ್ಗ ಬ್ಯಾಡ ಅಂತೀನಿ’ ಅಂದ.

ಪುಣೆಗೆ ಬಂದು ರಜೆಗೆ ಬರೆದು ಹಾಕಿದ್ದೇನೆ. ಅಂಗೈಯ ಗುಳ್ಳೆ ಒಣಗಿ ಚರ್ಮ ಗಟ್ಟಿಯಾಗಿದೆ, ಹಗ್ಗ ಹಿಡಿಯಲು ಅಷ್ಟು ಸಾಲುವುದಿಲ್ಲ ಎಂದು ಗೊತ್ತು. ಇನ್ನೊಂದು ಕೆಲಸವನ್ನೂ ಮಾಡಿದೆ. ಈ ವರ್ಷದ ಪ್ರಾಜೆಕ್ಟ್ ವೇಳಾಪಟ್ಟಿಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ಹುಡುಗನ ಹೆಸರಿನ ಮುಂದೆ ನಾಲ್ಕು ದಿನ ಬಿಡುವು ಇಟ್ಟಿದ್ದೇನೆ, ಮಳೆ ಯಾವಾಗ ಬಂದರೆ ಆಗ ತೆಗೆದುಕೊಳ್ಳುವಂತೆ. ಕಾರಣದ ಖಾನೆಯಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ, ಇದ್ದದ್ದನ್ನೇ ಬರೆದೆ: ಒಡ್ಡು.